ಓಡುವ ಯಂತ್ರ, ಕಾಯುವ ಸರಕು

ಯಂತ್ರ ನಿಂತರೆ ನಷ್ಟ, ಓಡಿದರೆ ಲಾಭ ಎಂಬುದು ಸಣ್ಣ ಕೈಗಾರಿಕೋದ್ಯಮಿಗಳಲ್ಲಿ ಆಳವಾಗಿ ಬೇರೂರಿರುವ ನಂಬಿಕೆ. ಸಾಲ ಮಾಡಿ ತಂದ ಸಿಎನ್‌ಸಿ ಯಂತ್ರ ಅರ್ಧ ಗಂಟೆ ಸುಮ್ಮನೆ ನಿಂತರೆ ಮಾಲೀಕರಿಗೆ ಬ್ಯಾಂಕಿನ ಕಂತು ನೆನಪಾಗುತ್ತದೆ. ಗಲ್ಲಾದ ಪಕ್ಕದಲ್ಲಿ ಗುಮಾಸ್ತ ಕೈಕಟ್ಟಿ ಕುಳಿತರೆ ಮಂಡಿಯ ಯಜಮಾನರಿಗೆ ಅವನ ಸಂಬಳ ಕಣ್ಣಿಗೆ ಬೀಳುತ್ತದೆ. ಆದರೆ ಅದೇ ಯಂತ್ರದ ಎದುರು ಹದಿನೈದು ಟ್ರೇ ಬಿಡಿಭಾಗಗಳು ಎರಡು ದಿನಗಳಿಂದ ಸರದಿ ಕಾಯುತ್ತಿದ್ದರೆ ಅದು ಯಾರಿಗೂ ನಷ್ಟವಾಗಿ ತೋರುವುದಿಲ್ಲ. ಕೈತುಂಬ ಕೆಲಸವಿದೆ ಎಂಬ ಸಮಾಧಾನವಾಗಿಯೇ ತೋರುತ್ತದೆ.

ಮೊದಲನೆಯ ನಷ್ಟಕ್ಕೆ ಲೆಕ್ಕಪುಸ್ತಕದಲ್ಲಿ ಹೆಸರಿದೆ, ಎರಡನೆಯದಕ್ಕೆ ಇಲ್ಲ. ವೆಚ್ಚ ಲೆಕ್ಕಶಾಸ್ತ್ರವು ನಿಷ್ಕ್ರಿಯ ಸಮಯವನ್ನು ಪ್ರತ್ಯೇಕವಾಗಿ ಗುರುತಿಸಿ, ಅದರ ವ್ಯತ್ಯಾಸವನ್ನು ರೂಪಾಯಿಗಳಲ್ಲಿ ತೋರಿಸುವ ಕ್ರಮವನ್ನು ವಾಣಿಜ್ಯ ವಿದ್ಯಾರ್ಥಿಗಳಿಗೆ ಕಲಿಸುತ್ತದೆ. ಸರಕು ಕಾದ ಸಮಯಕ್ಕೆ ಖಾತೆ ತೆರೆದ ಲೆಕ್ಕಿಗರು ವಿರಳ. ಹೀಗಾಗಿ ಕಾಣುವ ನಷ್ಟವನ್ನು ತಪ್ಪಿಸುವ ಆತುರದಲ್ಲಿ ಕಾಣದ ನಷ್ಟವನ್ನು ಬೆಳೆಸುವುದು ಎಷ್ಟೋ ಘಟಕಗಳಲ್ಲಿ ನಿತ್ಯದ ಆಡಳಿತ ಪದ್ಧತಿಯೇ ಆಗಿದೆ. ಈ ಕಾಯುವಿಕೆಯನ್ನು ಅಳೆಯುವ ಗಣಿತವು ಶತಮಾನಕ್ಕೂ ಹಿಂದೆಯೇ ರೂಪುಗೊಂಡಿದೆ. ಸರದಿ ಸಿದ್ಧಾಂತವೆಂಬ ಅದರ ಹೆಸರು ಕೇಳಿದೊಡನೆ, ಇದು ವಿಮಾನ ನಿಲ್ದಾಣಗಳಿಗೂ ಬೃಹತ್ ಕಾರ್ಖಾನೆಗಳಿಗೂ ಸಂಬಂಧಿಸಿದ ವಿಷಯವೆಂದು ಸಣ್ಣ ಉದ್ಯಮಿಗಳು ಪಕ್ಕಕ್ಕಿಡುವುದುಂಟು. ವಾಸ್ತವದಲ್ಲಿ ಅದರ ಅಗತ್ಯ ಹೆಚ್ಚಾಗಿರುವುದು ಒಂದೇ ಯಂತ್ರ, ಒಬ್ಬನೇ ಗುಮಾಸ್ತ ಇರುವ ಕಡೆಯಲ್ಲಿ.

ದೂರವಾಣಿ ಕೇಂದ್ರದಲ್ಲಿ ಹುಟ್ಟಿದ ಲೆಕ್ಕ

ಡೆನ್ಮಾರ್ಕಿನ ಗಣಿತಜ್ಞ ಆಗ್ನರ್ ಕ್ರಾರುಪ್ ಎರ್ಲಾಂಗ್ 1908ರಲ್ಲಿ ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯನ್ನು ಸೇರಿದರು. ಅವರ ಮುಂದಿದ್ದ ಪ್ರಶ್ನೆ ಅಪ್ಪಟ ವ್ಯಾಪಾರದ್ದು. ಒಂದು ಕೇಂದ್ರದಲ್ಲಿ ಎಷ್ಟು ತಂತಿ ಮಾರ್ಗಗಳು, ಎಷ್ಟು ನಿರ್ವಾಹಕರು ಇರಬೇಕು? ಕಡಿಮೆಯಾದರೆ ಚಂದಾದಾರರು ಕಾಯಬೇಕು, ಹೆಚ್ಚಾದರೆ ಕಂಪನಿಯ ಹಣ ವ್ಯರ್ಥವಾಗಬೇಕು. ಗಂಟೆಗೆ ಸರಾಸರಿ ಎಷ್ಟು ಕರೆಗಳು ಬರುತ್ತವೆ, ಒಂದು ಕರೆ ಸರಾಸರಿ ಎಷ್ಟು ನಿಮಿಷ ಹಿಡಿಯುತ್ತದೆ ಎಂಬುದು ಗೊತ್ತಿದ್ದರೂ ಉತ್ತರ ಸಿಗುವುದಿಲ್ಲ. ಏಕೆಂದರೆ ಕರೆಗಳು ಸಾಲಾಗಿ, ಸಮಾನ ಅಂತರದಲ್ಲಿ ಬರುವುದಿಲ್ಲ. ಒಮ್ಮೆ ಮೂರು ಒಟ್ಟಿಗೆ ಬರುತ್ತವೆ, ಮತ್ತೊಮ್ಮೆ ಹತ್ತು ನಿಮಿಷ ಒಂದೂ ಬರುವುದಿಲ್ಲ. ಸುಮ್ಮನೆ ಕಳೆದುಹೋದ ಆ ಹತ್ತು ನಿಮಿಷವನ್ನು ಮುಂದಿನ ದಟ್ಟಣೆಗೆ ಕೂಡಿಟ್ಟುಕೊಳ್ಳಲು ಸಾಧ್ಯವಿಲ್ಲ. ಎರ್ಲಾಂಗ್ ಅವರು 1909ರಲ್ಲಿ ತಮ್ಮ ಮೊದಲ ಪ್ರಬಂಧವನ್ನೂ 1917ರಲ್ಲಿ ಪ್ರಸಿದ್ಧ ಸೂತ್ರಗಳನ್ನೂ ಪ್ರಕಟಿಸಿದರು. ಅವರು 1929ರಲ್ಲಿ ನಿಧನರಾದರು. ದೂರವಾಣಿ ದಟ್ಟಣೆಯನ್ನು ಅಳೆಯುವ ಮಾನಕ್ಕೆ ಇಂದಿಗೂ ಅವರದೇ ಹೆಸರಿದೆ.

ಸರಾಸರಿ ಬೇಡಿಕೆಗೆ ಸರಿಯಾಗಿ ಸಾಮರ್ಥ್ಯ ಹೊಂದಿಸಿದರೆ ಸಾಲು ಬೆಳೆಯುತ್ತಲೇ ಹೋಗುತ್ತದೆ ಎಂಬುದು ಈ ಶಾಸ್ತ್ರದ ಮೊದಲ ಪಾಠ. ದಿನಕ್ಕೆ ಹತ್ತು ಕೆಲಸ ಬರುವ ಕಡೆ ಹತ್ತೇ ಕೆಲಸ ಮಾಡಬಲ್ಲ ಯಂತ್ರ ಸಾಕು ಎಂಬ ಸಾಮಾನ್ಯ ಲೆಕ್ಕಾಚಾರ ಇಲ್ಲಿ ಸೋಲುತ್ತದೆ.

ಎಂಟು ಲಾಟಿನಿಂದ ಒಂಬತ್ತೂವರೆಗೆ

ಪೀಣ್ಯದಂತಹ ಕೈಗಾರಿಕಾ ಪ್ರದೇಶದಲ್ಲಿ ಗ್ರೈಂಡಿಂಗ್ ಜಾಬ್ ವರ್ಕ್ ಮಾಡುವ ಒಂದು ಘಟಕವನ್ನು ಉದಾಹರಣೆಗೆ ಊಹಿಸಿಕೊಳ್ಳಬಹುದು. ಒಂದು ಯಂತ್ರ, ದಿನಕ್ಕೆ ಹತ್ತು ಗಂಟೆಗಳ ಕೆಲಸ. ಒಂದು ಲಾಟಿಗೆ ಸರಾಸರಿ ಒಂದು ಗಂಟೆ. ಲಾಟುಗಳು ಬೇರೆಬೇರೆ ಗ್ರಾಹಕರಿಂದ, ಹೇಳದೆ ಕೇಳದೆ ಬರುತ್ತವೆ. ಕೆಲವು ಇಪ್ಪತ್ತು ನಿಮಿಷದಲ್ಲಿ ಮುಗಿದರೆ ಕೆಲವು ಮೂರು ಗಂಟೆ ಹಿಡಿಯುತ್ತವೆ. ಇಂತಹ ಕಡೆ ಒಂದು ಲಾಟು ಸರಾಸರಿ ಎಷ್ಟು ಹೊತ್ತು ಕಾಯಬೇಕಾಗುತ್ತದೆ ಎಂಬುದಕ್ಕೆ ಸರಳವಾದ ಸೂತ್ರವಿದೆ. ಯಂತ್ರದ ಬಳಕೆಯ ಪ್ರಮಾಣವನ್ನು ಅದರ ಬಿಡುವಿನ ಪ್ರಮಾಣದಿಂದ ಭಾಗಿಸಿ, ಬಂದ ಉತ್ತರವನ್ನು ಒಂದು ಲಾಟಿನ ಸರಾಸರಿ ಸಮಯದಿಂದ ಗುಣಿಸಬೇಕು.

ದಿನಕ್ಕೆ 5 ಲಾಟು ಬಂದರೆ ಯಂತ್ರದ ಬಳಕೆ ಶೇ. 50, ಕಾಯುವಿಕೆ 1 ಗಂಟೆ. 8 ಲಾಟು ಬಂದರೆ ಬಳಕೆ ಶೇ. 80, ಕಾಯುವಿಕೆ 4 ಗಂಟೆ. 9 ಲಾಟಿಗೆ ಕಾಯುವಿಕೆ 9 ಗಂಟೆ. ದಿನಕ್ಕೆ ಸರಾಸರಿ 9.5 ಲಾಟು ಬಂದರೆ, ಅಂದರೆ ಯಂತ್ರವು ಶೇ. 95ರಷ್ಟು ದುಡಿದರೆ, ಕಾಯುವಿಕೆ 19 ಗಂಟೆ. ಹೆಚ್ಚುಕಡಿಮೆ ಎರಡು ಕೆಲಸದ ದಿನ. ಎಂಟರಿಂದ ಒಂಬತ್ತೂವರೆಗೆ ಏರಿದಾಗ ಉತ್ಪಾದನೆ ಹೆಚ್ಚಿದ್ದು ಶೇ. 19ಕ್ಕಿಂತ ಕಡಿಮೆ. ಕಾಯುವಿಕೆ ಹೆಚ್ಚಿದ್ದು ಸುಮಾರು ಐದು ಪಟ್ಟು. ಭಾಜಕದ ಸ್ಥಾನದಲ್ಲಿ ಕುಳಿತಿರುವುದು ಬಿಡುವು. ಅದು ಶೇ. 20ರಿಂದ ಶೇ. 5ಕ್ಕೆ ಇಳಿದುದೇ ಈ ಏರಿಕೆಗೆ ಕಾರಣ.

ಈ ಸೂತ್ರವು ಲಾಟುಗಳ ಆಗಮನವೂ ಕೆಲಸದ ಸಮಯವೂ ತೀರ ಅನಿಶ್ಚಿತವೆಂದು ಭಾವಿಸುತ್ತದೆ ಎಂಬುದನ್ನು ಮರೆಮಾಚಬಾರದು. ಅನಿಶ್ಚಿತತೆ ಕಡಿಮೆಯಾದಷ್ಟೂ ಕಾಯುವಿಕೆ ಇಳಿಯುತ್ತದೆ. ಪ್ರತಿ ಲಾಟಿಗೂ ಕರಾರುವಾಕ್ಕಾಗಿ ಒಂದೇ ಗಂಟೆ ಹಿಡಿಯುವುದಾದರೆ ಮೇಲಿನ ಅಂಕಿಗಳೆಲ್ಲ ಅರ್ಧಕ್ಕಿಳಿಯುತ್ತವೆ. ಬ್ರಿಟನ್ನಿನ ಗಣಿತಜ್ಞ ಜಾನ್ ಕಿಂಗ್‌ಮನ್ ಅವರು 1961ರಲ್ಲಿ ಪ್ರಕಟಿಸಿದ ಅಂದಾಜು ಸೂತ್ರವು ಈ ಅನಿಶ್ಚಿತತೆಯ ಅಂಶವನ್ನು ಬೇರ್ಪಡಿಸಿ ತೋರಿಸುತ್ತದೆ. ಆದರೆ ಅವರ ಸೂತ್ರದಲ್ಲಿಯೂ ಬಿಡುವು ಭಾಜಕದಲ್ಲಿಯೇ ಇದೆ. ಏರಿಳಿತ ಎಷ್ಟೇ ಚಿಕ್ಕದಿರಲಿ, ಬಳಕೆ ಶೇ. 90ನ್ನು ದಾಟಿದ ಮೇಲೆ ಹತ್ತುವ ದಾರಿ ಕಡಿದಾಗುತ್ತದೆ.

ಇದೇ ಭಾಗಾಕಾರಕ್ಕೆ ಇನ್ನೊಂದು ಮುಖವೂ ಇದೆ. ಶೇ. 90ರಷ್ಟು ದುಡಿಯುವ ಯಂತ್ರದಲ್ಲಿ ಸೆಟ್ಟಿಂಗ್ ಸಮಯವನ್ನು ಕಡಿತಗೊಳಿಸಿ ಒಂದು ಲಾಟಿನ ಸಮಯವನ್ನು ಒಂದು ಗಂಟೆಯಿಂದ ಅರ್ಧ ಗಂಟೆಗೆ ಇಳಿಸಿದರೆ, 9 ಗಂಟೆಯಿದ್ದ ಕಾಯುವಿಕೆ ನಾಲ್ಕೂವರೆ ಗಂಟೆಗೆ ಇಳಿಯುವುದಿಲ್ಲ. 25 ನಿಮಿಷಕ್ಕೆ ಇಳಿಯುತ್ತದೆ. ಹೆದ್ದಾರಿಗಳಲ್ಲಿ ಲಾರಿ ಕಳುಹಿಸುವ ವರ್ತಕರು ಇದರ ಅನುಭವವನ್ನು ಸೂತ್ರವಿಲ್ಲದೆಯೇ ಪಡೆದಿದ್ದಾರೆ. 2021ರ ಫೆಬ್ರವರಿ 15ರ ಮಧ್ಯರಾತ್ರಿಯಿಂದ ರಾಷ್ಟ್ರೀಯ ಹೆದ್ದಾರಿಗಳ ಶುಲ್ಕ ಕೇಂದ್ರಗಳ ಎಲ್ಲ ಪಥಗಳೂ ಫಾಸ್ಟ್ಯಾಗ್ ಪಥಗಳಾದವು. ಅದೇ ವರ್ಷದ ಮೇ ತಿಂಗಳಲ್ಲಿ ಹೆದ್ದಾರಿ ಪ್ರಾಧಿಕಾರವು ದಟ್ಟಣೆಯ ಹೊತ್ತಿನಲ್ಲಿಯೂ ಒಂದು ವಾಹನಕ್ಕೆ 10 ಸೆಕೆಂಡು ಮೀರಬಾರದೆಂಬ ಗುರಿಯನ್ನು ಸೂಚಿಸಿತು. ಚಿಲ್ಲರೆ ಹುಡುಕುವ ಅರ್ಧ ನಿಮಿಷ ಉಳಿದರೆ ಸಾಲಿನಲ್ಲಿ ಉಳಿಯುವುದು ಅರ್ಧ ನಿಮಿಷವಷ್ಟೇ ಅಲ್ಲ. ಹೊಸ ಯಂತ್ರಕ್ಕೆ ಸಾಲದ ಅರ್ಜಿ ಬರೆಯುವ ಮೊದಲು, ಇರುವ ಯಂತ್ರದಲ್ಲಿ ಜಿಗ್ ಬದಲಿಸಲು, ಡ್ರಾಯಿಂಗ್ ಹುಡುಕಲು, ಅಳತೆ ಉಪಕರಣಕ್ಕಾಗಿ ಪಕ್ಕದ ಶೆಡ್ಡಿಗೆ ಓಡಲು ಎಷ್ಟು ನಿಮಿಷ ಹೋಗುತ್ತಿದೆಯೆಂದು ನೋಡುವುದು ಈ ಕಾರಣಕ್ಕೆ ಲಾಭದಾಯಕ.

ಕಾಯುವಿಕೆಯ ಬೆಲೆ

ಕಾಯುವ ಲಾಟಿನಲ್ಲಿ ಹಣ ಎಷ್ಟು ಸಿಲುಕಿದೆ ಎಂಬುದಕ್ಕೂ ಒಂದು ಸೂತ್ರವಿದೆ. ಅಮೆರಿಕದ ಜಾನ್ ಲಿಟ್ಲ್ ಅವರು ಅದನ್ನು 1961ರಲ್ಲಿ ಸಾಧಿಸಿ ತೋರಿಸಿದರು. ಒಂದು ವ್ಯವಸ್ಥೆಯೊಳಗೆ ಸರಾಸರಿ ಇರುವ ವಸ್ತುಗಳ ಸಂಖ್ಯೆಯು, ಅವು ಒಳಬರುವ ವೇಗವನ್ನು ಒಳಗೆ ಕಳೆಯುವ ಸರಾಸರಿ ಸಮಯದಿಂದ ಗುಣಿಸಿದಷ್ಟಿರುತ್ತದೆ. ವಾಣಿಜ್ಯ ಪದವೀಧರರಿಗೆ ಇದು ಹೊಸದೇನಲ್ಲ. ದಿನಕ್ಕೆ 50,000 ರೂಪಾಯಿ ಉದ್ರಿ ಮಾರಾಟ, ಸರಾಸರಿ 60 ದಿನಕ್ಕೆ ವಸೂಲಿ. ಹಾಗಾದರೆ ಬಾಕಿದಾರರ ಮೊತ್ತ 30 ಲಕ್ಷ ಎಂಬ ಲೆಕ್ಕ ಇದೇ ಅಲ್ಲವೇ? ದಾಸ್ತಾನು ವಹಿವಾಟು ಅನುಪಾತವೂ ಇದೇ. ಲೆಕ್ಕಿಗರು ಪರೀಕ್ಷೆಗೆಂದು ಕಂಠಪಾಠ ಮಾಡಿದ ಅನುಪಾತವು ಕಾರ್ಖಾನೆಯ ನೆಲದ ಮೇಲೂ, ಬಿಲ್ಲಿನ ಕಿಟಕಿಯ ಮುಂದೆಯೂ, ಗೋದಾಮಿನ ಬಾಗಿಲಲ್ಲಿ ನಿಂತ ಲಾರಿಗಳಿಗೂ ಅನ್ವಯಿಸುತ್ತದೆ ಎಂಬುದನ್ನು ಮಾತ್ರ ಯಾರೂ ಅವರಿಗೆ ಹೇಳಿಕೊಡಲಿಲ್ಲ.

ಮೇಲಿನ ಘಟಕಕ್ಕೆ ಇದನ್ನು ಹಚ್ಚಿ ನೋಡಬಹುದು. ದಿನಕ್ಕೆ 8 ಲಾಟು ಬರುವಾಗ ಒಂದು ಲಾಟು ಒಳಗೆ ಕಳೆಯುವುದು 4 ಗಂಟೆ ಕಾದು, 1 ಗಂಟೆ ಕೆಲಸವಾಗಿ, ಒಟ್ಟು 5 ಗಂಟೆ, ಅರ್ಧ ದಿನ. ಹಾಗಾಗಿ ಒಳಗಿರುವ ಲಾಟುಗಳು ಸರಾಸರಿ 4. ದಿನಕ್ಕೆ 9.5 ಲಾಟು ಬರುವಾಗ ಒಟ್ಟು 20 ಗಂಟೆ, ಎರಡು ದಿನ. ಒಳಗಿರುವ ಲಾಟುಗಳು 19. ಒಂದು ಲಾಟಿನ ಸಾಮಗ್ರಿಯ ಬೆಲೆ 20,000 ರೂಪಾಯಿ ಎಂದು ಹಿಡಿದರೆ ಸಿಲುಕಿರುವ ಹಣ 80,000ದಿಂದ 3,80,000ಕ್ಕೆ ಏರಿತು. ಹೆಚ್ಚಿದ 3 ಲಕ್ಷಕ್ಕೆ ಶೇ. 12ರಂತೆ ವರ್ಷದ ಬಡ್ಡಿ 36,000 ರೂಪಾಯಿ. ಸಾಮಗ್ರಿ ಗ್ರಾಹಕರದಾಗಿದ್ದರೆ ಈ ಬಡ್ಡಿ ಅವರ ಹೆಗಲಿಗೆ ಹೋಗುತ್ತದೆ, ಅಷ್ಟೇ ವ್ಯತ್ಯಾಸ.

ಇಲ್ಲಿ ಲೆಕ್ಕದಲ್ಲಿ ಮೋಸ ಮಾಡಬಾರದು. ದಿನಕ್ಕೆ ಒಂದೂವರೆ ಲಾಟು ಹೆಚ್ಚಾದರೆ 300 ಕೆಲಸದ ದಿನಗಳಲ್ಲಿ 450 ಲಾಟು ಹೆಚ್ಚು. ಚರ ವೆಚ್ಚ ಕಳೆದು ಲಾಟಿಗೆ 300 ರೂಪಾಯಿ ಉಳಿದರೂ 1,35,000 ರೂಪಾಯಿ ಬಂತು. ಬಡ್ಡಿಯೊಂದನ್ನೇ ಎದುರಿಗಿಟ್ಟರೆ ಯಂತ್ರವನ್ನು ಭರ್ತಿ ಮಾಡಿದ ಮಾಲೀಕರೇ ಗೆದ್ದರು. ಸರದಿ ಸಿದ್ಧಾಂತದ ಪ್ರಚಾರಕರು ಕೆಲವೊಮ್ಮೆ ಈ ಹಂತವನ್ನು ಹಾರಿಸಿಬಿಡುತ್ತಾರೆ, ಆಮೇಲೆ ಅನುಭವಸ್ಥ ಉದ್ಯಮಿಗಳು ಅವರನ್ನು ನಂಬುವುದಿಲ್ಲ.

ಬಡ್ಡಿಗಿಂತ ದೊಡ್ಡ ಬೆಲೆ ಬೇರೆ ಕಡೆಯಿದೆ. ಸರಾಸರಿಯ ಹಿಂದೆ ಬಾಲವೊಂದಿರುತ್ತದೆ. ಇದೇ ಸೂತ್ರದ ಪ್ರಕಾರ, ದಿನಕ್ಕೆ 8 ಲಾಟಿನ ಘಟಕದಲ್ಲಿ ಸುಮಾರು ಏಳರಲ್ಲಿ ಒಂದು ಲಾಟು ಮಾತ್ರ ಒಂದು ದಿನವನ್ನು ಮೀರುತ್ತದೆ. 9.5 ಲಾಟಿನ ಘಟಕದಲ್ಲಿ ಏಳರಲ್ಲಿ ಒಂದು ಲಾಟು ನಾಲ್ಕು ದಿನಗಳನ್ನು ಮೀರುತ್ತದೆ. "ನಾಳೆ ಕೊಡುತ್ತೇವೆ" ಎಂದು ಮೊದಲನೆಯವರು ಧೈರ್ಯವಾಗಿ ಹೇಳಬಲ್ಲರು. ಎರಡನೆಯವರು ಹೇಳಿದರೆ ಸುಳ್ಳಾಗುತ್ತದೆ. ನಾಲ್ಕು ದಿನವಾದರೂ ಬಾರದ ಲಾಟಿಗಾಗಿ ಗ್ರಾಹಕರ ಜೋಡಣಾ ವಿಭಾಗ ನಿಂತಾಗ ಫೋನ್ ಬರುತ್ತದೆ. ಆಗ ಆ ಲಾಟನ್ನು ಅರ್ಜೆಂಟ್ ಎಂದು ಸಾಲಿನ ಮುಂದಕ್ಕೆ ತರಲಾಗುತ್ತದೆ. ಅರ್ಧ ಮುಗಿದಿದ್ದ ಕೆಲಸವನ್ನು ಇಳಿಸಿ, ಇದಕ್ಕೆ ಸೆಟ್ಟಿಂಗ್ ಮಾಡಿ, ಮುಗಿಸಿ, ಮತ್ತೆ ಹಳೆಯದಕ್ಕೆ ಸೆಟ್ಟಿಂಗ್ ಮಾಡಬೇಕು. ಒಂದು ಲಾಟಿಗೆ ಒಂದು ಗಂಟೆಯಿದ್ದುದು ಒಂದು ಗಂಟೆ ಹತ್ತು ನಿಮಿಷವಾಗುತ್ತದೆ. ಉಳಿದಿದ್ದ ಶೇ. 5ರ ಬಿಡುವು ಅಲ್ಲಿಗೆ ಮುಗಿಯಿತು. ಉಳಿದವರೆಲ್ಲ ಇನ್ನಷ್ಟು ತಡವಾಗುತ್ತಾರೆ, ಅವರೂ ಫೋನ್ ಮಾಡುತ್ತಾರೆ, ಅವರದೂ ಅರ್ಜೆಂಟ್ ಆಗುತ್ತದೆ. ಮಾಲೀಕರು ಇದನ್ನು ಕೆಲಸಗಾರರ ಸೋಮಾರಿತನವೆಂದೋ ಮೇಲ್ವಿಚಾರಕನ ಅಸಮರ್ಥತೆಯೆಂದೋ ಬಯ್ಯುತ್ತಾರೆ. ತಪ್ಪು ನಡೆದದ್ದು ಮೂರು ತಿಂಗಳ ಹಿಂದೆ, ಹತ್ತು ಲಾಟಿನ ಯಂತ್ರಕ್ಕೆ ಒಂಬತ್ತೂವರೆ ಲಾಟನ್ನು ಸಂತೋಷದಿಂದ ಒಪ್ಪಿಕೊಂಡಾಗ. ಕೊನೆಗೆ ಗ್ರಾಹಕರು ಗಲಾಟೆ ಮಾಡುವುದನ್ನು ಬಿಟ್ಟು, ಅರ್ಧ ಕೆಲಸವನ್ನು ಮತ್ತೊಂದು ಘಟಕಕ್ಕೆ ಸದ್ದಿಲ್ಲದೆ ಕೊಡಲಾರಂಭಿಸುತ್ತಾರೆ. 450 ಲಾಟಿನ ಲಾಭದ ಎದುರಿಗೆ ಇಡಬೇಕಾದ ಬಾಬು ಅದು.

ಹೊರಗಿನ ವಿಳಂಬ, ಒಳಗಿನ ವಿಳಂಬ

ಸಣ್ಣ ಉದ್ದಿಮೆಗಳ ಸಭೆಗಳಲ್ಲಿ ಬಾಕಿ ಪಾವತಿಯ ವಿಳಂಬದ ವಿಷಯ ಬಾರದ ದಿನವಿಲ್ಲ, ಅದು ನ್ಯಾಯವೂ ಹೌದು. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯಿದೆಯು ಕರಾರಿನಲ್ಲಿ ಏನೇ ಇದ್ದರೂ ಸರಕು ಸ್ವೀಕೃತವಾದ 45 ದಿನಗಳೊಳಗೆ ಹಣ ಪಾವತಿಸಬೇಕೆಂದೂ, ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ದರದಲ್ಲಿ ಮಾಸಿಕ ಚಕ್ರಬಡ್ಡಿ ತೆರಬೇಕೆಂದೂ ವಿಧಿಸಿತು. 2023ರ ಹಣಕಾಸು ಕಾಯಿದೆಯು ಒಂದು ಹೆಜ್ಜೆ ಮುಂದೆ ಹೋಗಿ, ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ಈ ಅವಧಿ ಮೀರಿಯೂ ಬಾಕಿಯುಳಿದ ಮೊತ್ತವನ್ನು ಪಾವತಿಸಿದ ವರ್ಷದಲ್ಲಷ್ಟೇ ಖರ್ಚೆಂದು ಕಳೆಯುವಂತೆ ಆದಾಯ ತೆರಿಗೆ ಕಾಯಿದೆಯನ್ನು ತಿದ್ದಿತು.

ಆದರೆ ಈ 45 ದಿನಗಳ ಗಡಿಯಾರ ಓಡಲು ಆರಂಭಿಸುವುದು ಸರಕು ಗ್ರಾಹಕರ ಕೈ ಸೇರಿದ ಮೇಲೆ. ಅದಕ್ಕೂ ಮುನ್ನ ಸಾಮಗ್ರಿ ಖರೀದಿಸಿದ ದಿನದಿಂದ ರವಾನೆಯ ದಿನದವರೆಗೆ ಹಣ ಸಿಲುಕಿರುವುದು ಉದ್ಯಮಿಯ ಸ್ವಂತ ಶೆಡ್ಡಿನಲ್ಲಿ. ಟರ್ನಿಂಗ್, ಮಿಲ್ಲಿಂಗ್, ಹೀಟ್ ಟ್ರೀಟ್‌ಮೆಂಟ್, ಗ್ರೈಂಡಿಂಗ್, ತಪಾಸಣೆ ಎಂಬ ಐದು ಹಂತಗಳಲ್ಲಿಯೂ ತಲಾ ಎರಡು ದಿನ ಕಾಯುವ ಬಿಡಿಭಾಗವು ಹತ್ತು ದಿನ ಒಳಗೇ ಉಳಿಯಿತು. ಅದರ ಮೇಲೆ ನಿಜವಾಗಿ ಕೆಲಸ ನಡೆದದ್ದು ಕೆಲವೇ ಗಂಟೆ. ಗ್ರಾಹಕರಿಂದ ಹತ್ತು ದಿನ ಮೊದಲು ಹಣ ವಸೂಲು ಮಾಡಲು ಎಷ್ಟು ಪತ್ರ, ಎಷ್ಟು ಭೇಟಿ, ಎಷ್ಟು ಮುಜುಗರ! ಒಳಗಿನ ಹತ್ತು ದಿನಗಳನ್ನು ಐದಕ್ಕಿಳಿಸಲು ಯಾರ ಬಾಗಿಲಿಗೂ ಹೋಗಬೇಕಾಗಿಲ್ಲ. ದುಡಿಯುವ ಬಂಡವಾಳದ ಮಿತಿ ಹೆಚ್ಚಿಸಿಕೊಡಿರೆಂದು ಬ್ಯಾಂಕಿಗೆ ಹೋಗುವ ಎಷ್ಟೋ ಅರ್ಜಿಗಳ ಹಿಂದೆ ಇರುವುದು ಈ ಒಳಗಿನ ಸಾಲೇ. ವರ್ತಕರಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. 2021ರ ಜುಲೈನಲ್ಲಿ ಅವರನ್ನು ಎಂಎಸ್‌ಎಂಇ ವ್ಯಾಪ್ತಿಗೆ ಸೇರಿಸಿಕೊಂಡದ್ದು ಆದ್ಯತಾ ವಲಯದ ಸಾಲಕ್ಕೆ ಮಾತ್ರ. ವಿಳಂಬ ಪಾವತಿಯ ರಕ್ಷಣೆ ಅದರಲ್ಲಿ ಸೇರಿರಲಿಲ್ಲ.

ಬಿಡುವು ಎಂದರೆ ದುಂದು ಎಂಬ ಭಾವನೆಗೆ ಲೆಕ್ಕಶಾಸ್ತ್ರದ ಬೆಂಬಲವೂ ಪೂರ್ತಿಯಾಗಿಲ್ಲ. ದಾಸ್ತಾನಿನ ಮೌಲ್ಯಮಾಪನಕ್ಕೆ ಸಂಬಂಧಿಸಿದ ಲೆಕ್ಕಪತ್ರ ಮಾನಕ 2, ಸ್ಥಿರ ಮೇಲ್ವೆಚ್ಚವನ್ನು ಸರಕಿಗೆ ಹಂಚುವಾಗ ಯಂತ್ರದ ಪೂರ್ಣ ಸಾಮರ್ಥ್ಯವನ್ನು ಆಧಾರವಾಗಿ ಹಿಡಿಯುವುದಿಲ್ಲ. ನಿಗದಿತ ನಿರ್ವಹಣೆಯ ಕಾಲವನ್ನೂ ಕಳೆದು, ಹಲವು ಅವಧಿಗಳಲ್ಲಿ ಸರಾಸರಿಯಾಗಿ ನಿರೀಕ್ಷಿಸಬಹುದಾದ ಸಾಮಾನ್ಯ ಸಾಮರ್ಥ್ಯವನ್ನು ಹಿಡಿಯುತ್ತದೆ. ಮಾಲೀಕರ ಕಣ್ಣು ಮಾತ್ರ ಶೇ. 100ರ ಮೇಲೆಯೇ ಇರುತ್ತದೆ.

ಎರಡು ಕಿಟಕಿ, ಒಂದು ಸಾಲು

ಬಿಡುವನ್ನು ಹಣ ಕೊಟ್ಟೇ ಕೊಳ್ಳಬೇಕೆಂದಿಲ್ಲ. ಸಗಟು ಅಂಗಡಿಯೊಂದರಲ್ಲಿ ಇಬ್ಬರು ಗುಮಾಸ್ತರು ಎರಡು ಕಿಟಕಿಗಳಲ್ಲಿ ಬಿಲ್ ಮಾಡುತ್ತಾರೆ. ಒಂದು ಕಿಟಕಿ ಊರಿನವರಿಗೆ, ಇನ್ನೊಂದು ಪರಊರಿನವರಿಗೆ. ಒಂದು ಬಿಲ್ಲಿಗೆ ಸರಾಸರಿ 5 ನಿಮಿಷ, ಇಬ್ಬರೂ ಶೇ. 80ರಷ್ಟು ನಿರತರು. ಮೊದಲಿನ ಸೂತ್ರದಂತೆ ಪ್ರತಿ ಗ್ರಾಹಕರೂ ಸರಾಸರಿ 20 ನಿಮಿಷ ಕಾಯಬೇಕು. ಎರಡು ಸಾಲುಗಳನ್ನು ಒಂದಾಗಿಸಿ, ಯಾವ ಕಿಟಕಿ ಖಾಲಿಯಾಗುತ್ತದೋ ಅಲ್ಲಿಗೆ ಮುಂದಿನವರು ಹೋಗುವಂತೆ ಮಾಡಿದರೆ ಕಾಯುವಿಕೆ 9 ನಿಮಿಷಕ್ಕೆ ಇಳಿಯುತ್ತದೆ. ಹೊಸ ಗುಮಾಸ್ತನಿಲ್ಲ, ಹೊಸ ಕಂಪ್ಯೂಟರ್ ಇಲ್ಲ. ಒಂದು ಕಿಟಕಿಯ ಮುಂದೆ ಆರು ಮಂದಿ ನಿಂತಿರುವಾಗ ಇನ್ನೊಂದು ಖಾಲಿಯಾಗಿರುವ ಪ್ರಸಂಗ ತಪ್ಪಿತು, ಅಷ್ಟೇ. ಬ್ಯಾಂಕುಗಳಲ್ಲಿ ಟೋಕನ್ ಯಂತ್ರ ಮಾಡುವುದು ಇದನ್ನೇ. ಒಂದೇ ಕಿಟಕಿಯುಳ್ಳ ಚಿಕ್ಕ ಅಂಗಡಿಗೆ ಸರದಿಯ ಪೆಟ್ಟು ಹೆಚ್ಚು ತಾಗುವುದೂ ಈ ಕಾರಣಕ್ಕೇ.

ಕಾರ್ಖಾನೆಯಲ್ಲಿ ಇದಕ್ಕೆ ಅಡ್ಡಿಯಾಗುವುದು ಅಭ್ಯಾಸ. ಈ ಯಂತ್ರ ಆ ಕಂಪನಿಯ ಕೆಲಸಕ್ಕೆ, ಆ ಯಂತ್ರ ಈ ಕಂಪನಿಯ ಕೆಲಸಕ್ಕೆ ಎಂಬ ಮೀಸಲಾತಿ. ಒಬ್ಬ ಆಪರೇಟರ್‌ಗೆ ಒಂದೇ ಯಂತ್ರ ಗೊತ್ತಿರುವುದು. ಒಬ್ಬರು ಇನ್ನೊಬ್ಬರ ಕೆಲಸವನ್ನೂ ಮಾಡಬಲ್ಲವರಾದರೆ ಮಾತ್ರ ಸಾಲುಗಳನ್ನು ಕೂಡಿಸುವ ಲಾಭ ದೊರೆಯುತ್ತದೆ. ಆ ತರಬೇತಿಯ ಎರಡು ವಾರದ ಸಂಬಳವನ್ನು ಖರ್ಚೆಂದು ಬರೆಯುವ ಲೆಕ್ಕಿಗರು ಅದರ ಫಲವನ್ನು ಎಲ್ಲಿಯೂ ಬರೆಯುವುದಿಲ್ಲ. ಐದು ನಿಮಿಷದ ಕೆಲಸದವರನ್ನೂ ಎರಡು ಗಂಟೆಯ ಕೆಲಸದವರನ್ನೂ ಒಂದೇ ಸಾಲಿನಲ್ಲಿ ಬೆರೆಸುವುದು ಮಾತ್ರ ಜಾಣತನವಲ್ಲ. ಅಲ್ಲಿ ಚಿಕ್ಕ ಕೆಲಸಗಳಿಗೆ ಬೇರೆ ಕಿಟಕಿಯೇ ಮೇಲು.

ಬರುವ ಹೊತ್ತನ್ನು ಹಂಚುವುದು

ಸಾಲಿನ ಉದ್ದವನ್ನು ಇನ್ನೊಂದು ತುದಿಯಿಂದಲೂ ಹಿಡಿಯಬಹುದು. ತೆರಿಗೆ ಸಲಹೆಗಾರರ ಕಚೇರಿಗಳಿಗೆ ಜಿಎಸ್‌ಟಿ ಆರ್-3ಬಿ ರಿಟರ್ನಿನ ಕೊನೆಯ ದಿನದ ಪರದಾಟ ಚೆನ್ನಾಗಿ ಗೊತ್ತು. ದೇಶದ ಎಲ್ಲ ತೆರಿಗೆದಾರರಿಗೂ ತಿಂಗಳ 20ನೇ ತಾರೀಖೇ ಗಡುವಾಗಿದ್ದಾಗ ಪೋರ್ಟಲ್ ಏದುಸಿರು ಬಿಡುತ್ತಿತ್ತು. 2020ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಗಡುವನ್ನು ಮೂರಾಗಿ ಹಂಚಿತು. ಹಿಂದಿನ ವರ್ಷದ ವಹಿವಾಟು 5 ಕೋಟಿ ರೂಪಾಯಿ ಮೀರಿದವರಿಗೆ 20, ಅದಕ್ಕಿಂತ ಕಡಿಮೆಯಿದ್ದ ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳವರಿಗೆ 22, ಉಳಿದವರಿಗೆ 24. ರಿಟರ್ನುಗಳ ಸಂಖ್ಯೆಯಲ್ಲಿ ಒಂದೂ ಕಡಿಮೆಯಾಗಲಿಲ್ಲ, ಅವು ಬರುವ ಹೊತ್ತು ಮಾತ್ರ ಬದಲಾಯಿತು.

ತಿಂಗಳ ಮೊದಲ ವಾರ ನೊಣ ಹೊಡೆಯುತ್ತ, ಕೊನೆಯ ವಾರ ರಾತ್ರಿಪಾಳಿ ನಡೆಸುವ ಘಟಕಗಳು ತಮ್ಮ ಎರಡು ಮೂರು ದೊಡ್ಡ ಗ್ರಾಹಕರೊಂದಿಗೆ ಇದೇ ಮಾತನಾಡಬಹುದು. ಹತ್ತರಿಂದ ಹದಿನೈದನೆಯ ತಾರೀಖಿನೊಳಗೆ ಸಾಮಗ್ರಿ ಕಳುಹಿಸುವವರಿಗೆ ಶೇ. 1 ರಿಯಾಯಿತಿ ಕೊಟ್ಟರೂ, ಓವರ್‌ಟೈಮಿನ ದುಪ್ಪಟ್ಟು ಕೂಲಿಯನ್ನು ಎದುರಿಗಿಟ್ಟು ನೋಡಿದಾಗ ಅದು ದುಬಾರಿಯಾಗಲಾರದು. ಗೋದಾಮಿಗೆ ಬೆಳಿಗ್ಗೆ ಎಂಟಕ್ಕೇ ಆರು ಲಾರಿಗಳು ಬಂದು ನಿಂತು, ಹಮಾಲರ ತಂಡ ಒಂದನ್ನು ಖಾಲಿ ಮಾಡುವಾಗ ಉಳಿದ ಐದು ಕಾಯುವುದು ಪ್ರತಿ ಮಾರುಕಟ್ಟೆ ಪ್ರಾಂಗಣದಲ್ಲೂ ಕಾಣುವ ದೃಶ್ಯ. ಕಾಯುವುದು ಲಾರಿಯವನ ಪಾಡು ಎಂದು ವರ್ತಕರು ಭಾವಿಸುತ್ತಾರೆ. ಲಾರಿಯವನು ಅದನ್ನು ಮುಂದಿನ ಬಾಡಿಗೆಯಲ್ಲಿ ಸೇರಿಸಿಕೊಂಡಿರುತ್ತಾನೆ.

ಬೇಡಿಕೆಯ ಹೊತ್ತನ್ನು ಬದಲಿಸಲಾಗದ ಕಡೆ ಸಾಮರ್ಥ್ಯವನ್ನೇ ಹೊತ್ತಿಗೆ ತಕ್ಕಂತೆ ಸರಿಸಬೇಕು. ಪೋರ್ಟ್ ಆಫ್ ನ್ಯೂಯಾರ್ಕ್ ಅಥಾರಿಟಿಯ ಲೆಸ್ಲಿ ಎಡಿ ಅವರು ಸೇತುವೆ ಮತ್ತು ಸುರಂಗಗಳ ಶುಲ್ಕದ ಗೂಡುಗಳ ಮುಂದೆ ವಾಹನಗಳ ಆಗಮನವನ್ನು ಎಣಿಸಿ, ದಿನದ ಯಾವ ಹೊತ್ತಿನಲ್ಲಿ ಎಷ್ಟು ಗೂಡುಗಳು ತೆರೆದಿರಬೇಕು ಎಂಬುದನ್ನು ಲೆಕ್ಕ ಹಾಕಿಕೊಟ್ಟರು. ಅವರ 1954ರ ಪ್ರಬಂಧಕ್ಕೆ ಲ್ಯಾಂಚೆಸ್ಟರ್ ಪ್ರಶಸ್ತಿ ದೊರೆಯಿತು. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಸುಗ್ಗಿಯಲ್ಲಿ ಬರುವ ಆವಕಕ್ಕೂ ಮಳೆಗಾಲದ ಆವಕಕ್ಕೂ ಹೋಲಿಕೆಯೇ ಇಲ್ಲ. ಅಂತಹ ಕಡೆ ವರ್ಷದ ಸರಾಸರಿಯನ್ನು ಹಿಡಿದು ಮೇಲಿನ ಸೂತ್ರಗಳನ್ನು ಹಚ್ಚುವುದು ತಪ್ಪು; ಎಡಿ ಮಾಡಿದಂತೆ ಹೊತ್ತು ಹೊತ್ತಿಗೆ, ವಾರ ವಾರಕ್ಕೆ ಬೇರೆಬೇರೆ ಲೆಕ್ಕ ಬೇಕು.

ಮೂರು ಅಂಕಣದ ಪುಸ್ತಕ

ಇಷ್ಟಕ್ಕೆಲ್ಲ ಬೇಕಾದ ಮಾಹಿತಿ ಬಹುತೇಕ ಘಟಕಗಳಲ್ಲಿ ಇಲ್ಲ. ಸಾಮಗ್ರಿ ಬಂದ ದಿನಾಂಕ ಇನ್‌ವರ್ಡ್ ಪುಸ್ತಕದಲ್ಲಿದೆ, ರವಾನೆಯ ದಿನಾಂಕ ಚಲನ್‌ನಲ್ಲಿದೆ. ನಡುವೆ ಏನಾಯಿತೆಂಬುದು ಮೇಲ್ವಿಚಾರಕನ ತಲೆಯಲ್ಲಿದೆ. ಅತಿ ದಟ್ಟಣೆಯಿರುವ ಒಂದೇ ಒಂದು ಯಂತ್ರದ ಪಕ್ಕದಲ್ಲಿ ಒಂದು ನೋಟ್‌ಪುಸ್ತಕವಿಟ್ಟು, ಲಾಟು ಬಂದ ಹೊತ್ತು, ಕೆಲಸ ಆರಂಭವಾದ ಹೊತ್ತು, ಮುಗಿದ ಹೊತ್ತು ಎಂಬ ಮೂರು ಅಂಕಣಗಳನ್ನು ನಾಲ್ಕು ವಾರ ಬರೆಸಿದರೆ ಸಾಕು. ಆರಂಭದಿಂದ ಬಂದ ಹೊತ್ತನ್ನು ಕಳೆದರೆ ಕಾಯುವಿಕೆ. ಮುಗಿದುದರಿಂದ ಆರಂಭವನ್ನು ಕಳೆದರೆ ಕೆಲಸದ ಸಮಯ. ಅಂಕಿಗಳು ಕೈಗೆ ಬಂದ ಮೇಲೆ ಸೂತ್ರವು ಹೇಳುವುದನ್ನೂ ಪುಸ್ತಕವು ಹೇಳುವುದನ್ನೂ ಹೋಲಿಸಬೇಕು. ಎರಡೂ ಬಹಳ ದೂರವಿದ್ದರೆ ನಂಬಬೇಕಾದುದು ಪುಸ್ತಕವನ್ನು.

ಸೂತ್ರ ಹಿಡಿಯಲಾರದಷ್ಟು ತೊಡಕಿರುವ ಕಡೆ ಅಣಕು ಮಾದರಿಯೊಂದನ್ನು ಕಂಪ್ಯೂಟರಿನಲ್ಲಿ ಓಡಿಸಬಹುದು. ದುಬಾರಿ ತಂತ್ರಾಂಶವೇನೂ ಬೇಕಿಲ್ಲ. ಸಾಧಾರಣ ಎಕ್ಸೆಲ್ ಹಾಳೆಯಲ್ಲಿ, ನೋಟ್‌ಪುಸ್ತಕದಿಂದಲೇ ಆಗಮನದ ಅಂತರಗಳನ್ನೂ ಕೆಲಸದ ಸಮಯಗಳನ್ನೂ ಯಾದೃಚ್ಛಿಕವಾಗಿ ಆಯ್ದು ಸಾವಿರ ಲಾಟುಗಳನ್ನು ಸಾಲಾಗಿ ಇಳಿಸಿದರೆ, ಎರಡನೆಯ ಯಂತ್ರ ತಂದರೆ ಏನಾಗುತ್ತದೆ, ಪಾಳಿ ಎರಡು ಗಂಟೆ ಹೆಚ್ಚಿಸಿದರೆ ಏನಾಗುತ್ತದೆ, ಸೆಟ್ಟಿಂಗ್ ಹತ್ತು ನಿಮಿಷ ಇಳಿದರೆ ಏನಾಗುತ್ತದೆ ಎಂಬುದನ್ನು ಸಾಲ ಮಾಡುವ ಮೊದಲೇ ನೋಡಬಹುದು. ಬ್ಯಾಂಕಿನ ಯೋಜನಾ ವರದಿಯಲ್ಲಿ ಮೂರನೆಯ ವರ್ಷ ಶೇ. 95 ಸಾಮರ್ಥ್ಯ ಬಳಕೆ ಎಂದು ಅಭ್ಯಾಸಬಲದಿಂದ ಬರೆಯುವ ಲೆಕ್ಕಪರಿಶೋಧಕರು ತಮ್ಮ ಕಕ್ಷಿದಾರರಿಗಾಗಿ ಈ ಹಾಳೆಯೊಂದನ್ನು ಮಾಡಿಕೊಟ್ಟರೆ, ಆ ಅಂಕಿಯನ್ನು ಬರೆಯುವ ಮುನ್ನ ಅವರ ಕೈಯೇ ಒಂದು ಕ್ಷಣ ತಡೆದೀತು.

ಮಾರ್ಚ್ 31ರಂದು ಪ್ರತಿ ಘಟಕದಲ್ಲೂ ಅರೆಸಿದ್ಧ ಸರಕಿನ ಎಣಿಕೆ ಹೇಗೂ ನಡೆಯುತ್ತದೆ. ವಿವರ, ಪ್ರಮಾಣ, ದರ, ಮೌಲ್ಯ ಎಂಬ ನಾಲ್ಕು ಅಂಕಣಗಳ ಆ ಪಟ್ಟಿಗೆ ಐದನೆಯದೊಂದನ್ನು ಸೇರಿಸಲು ಪೆನ್ನು, ಅಡಿಪಟ್ಟಿ ಸಾಕು. ಎಣಿಸುವ ಹುಡುಗ ಪ್ರತಿ ಟ್ರೇಯ ಮುಂದೆ ನಿಂತು, ಇದು ಈ ಯಂತ್ರದ ಮುಂದೆ ಬಂದು ಕುಳಿತದ್ದು ಯಾವ ತಾರೀಖು ಎಂದು ಕೇಳಿ ಅಲ್ಲಿ ಬರೆಯಬೇಕು.